ಹೊಟ್ಟೆಯ ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹಬ್ಬುತ್ತದೆಯೇ? ಎಳ್ಳುಕಾಳಿನಷ್ಟು ತುಂಡು ಏನೆಲ್ಲ ಹೇಳುತ್ತದೆ ಗೊತ್ತೇ?

"ಯಾವ ಕಾರಣಕ್ಕೂ ಬಯಾಪ್ಸಿ ಮಾಡಿಸಬೇಡಿ. ತುಂಡು ಕಿತ್ತರೆ ಸುಮ್ಮನೆ ಮಲಗಿದ್ದ ಗಂಟು ಎದ್ದು ಮೈತುಂಬ ಹರಡುತ್ತದೆ." ಇಂಥ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಒಮ್ಮೆಯಾದರೂ ಬಂದಿರಬಹುದು. ಫೋನ್ ಬರುವ ಮೊದಲೂ ಈ ಮಾತು ಇತ್ತು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಕಟ್ಟೆಯ ಮೇಲೆ ಕೂತವರು ಹೇಳುವುದು ಇದನ್ನೇ: "ಚಾಕು ಹತ್ತಿಸಬ್ಯಾಡ್ರಿ, ಹಬ್ಬತೈತಿ." ಫಾರ್ವರ್ಡ್ ಮಾಡಲು ಎರಡು ಸೆಕೆಂಡ್ ಸಾಕು. ಅದನ್ನು ನಂಬಿ ಹುಬ್ಬಳ್ಳಿಯ ಬಸ್ ಹತ್ತದೆ ಮನೆಯಲ್ಲೇ ಉಳಿದವರು ಕಳೆದುಕೊಳ್ಳುವುದು ತಿಂಗಳುಗಳನ್ನು, ಕೆಲವೊಮ್ಮೆ ಜೀವವನ್ನು.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇವೆ. ಎಂಡೋಸ್ಕೋಪಿ ಮೂಲಕ ಹೊಟ್ಟೆಯ ಒಳಪದರದಿಂದ ಬಯಾಪ್ಸಿ ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಇನ್ನೊಂದು ಮಾತು. ಬಯಾಪ್ಸಿ ಬರೆದುಕೊಟ್ಟರೆಂದರೆ ಕ್ಯಾನ್ಸರ್ ಇದೆ ಎಂದೂ ಅರ್ಥವಲ್ಲ. ಹೊಟ್ಟೆಯಿಂದ ತೆಗೆದ ತುಂಡುಗಳಲ್ಲಿ ಹೆಚ್ಚಿನವುಗಳ ವರದಿಯಲ್ಲಿ ಬರುವುದು ಉರಿಯೂತ, ಒಂದು ಬ್ಯಾಕ್ಟೀರಿಯಾ, ಇಲ್ಲವೇ ಗುಳಿಗೆಗಳಿಂದಾದ ಗಾಯ. ಇವೆಲ್ಲ ಚಿಕಿತ್ಸೆಗೆ ಬಗ್ಗುವಂಥವೇ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದು ಎಲ್ಲಿ?

ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ. ಊರಲ್ಲಿ ಒಬ್ಬರಿಗೆ ಆರೆಂಟು ತಿಂಗಳು ಹೊಟ್ಟೆ ಉರಿ ಇರುತ್ತದೆ. ಅಂಗಡಿಯ ಗುಳಿಗೆ, ಸೋಡಾ, ಓಮಿನ ನೀರು, ನಾಟಿ ಔಷಧ ಎಲ್ಲ ಮುಗಿದು, ತೂಕ ಇಳಿದು, ಅನ್ನ ಒಳಗೆ ನಿಲ್ಲದ ಹೊತ್ತಿಗೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅಲ್ಲಿ ಬಯಾಪ್ಸಿ ಆಗುತ್ತದೆ. ಎರಡು ತಿಂಗಳಲ್ಲಿ ಅವರು ತೀರಿಕೊಳ್ಳುತ್ತಾರೆ. ಊರಿನ ನೆನಪಿನಲ್ಲಿ ಉಳಿಯುವುದು ಕೊನೆಯಲ್ಲಿ ನಡೆದದ್ದು: "ತುಂಡು ತಗದ ಮ್ಯಾಲೆ ಭಾಳ ದಿನ ಉಳೀಲಿಲ್ಲ." ರೋಗ ಅದಕ್ಕೂ ಎಷ್ಟೋ ಮೊದಲೇ ಹರಡಿತ್ತು ಎನ್ನುವುದು ಯಾರ ಕಣ್ಣಿಗೂ ಕಂಡಿರುವುದಿಲ್ಲ.

ಇದರಲ್ಲಿ ಒಂದು ಚೂರು ಸತ್ಯವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಯಕೃತ್ತಿನಂಥ ಕೆಲವು ಅಂಗಗಳಿಗೆ ಚರ್ಮದ ಮೂಲಕ ಸೂಜಿ ಹಾಕಿದಾಗ, ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶಗಳು ಉಳಿದು ಬೆಳೆದ ಅಪರೂಪದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಎಲ್ಲಿ ಚುಚ್ಚಬೇಕು, ಎಲ್ಲಿ ಚುಚ್ಚಬಾರದು ಎಂಬ ನಿಯಮಗಳನ್ನು ವೈದ್ಯರು ಮಾಡಿಕೊಂಡಿರುವುದೇ ಅದಕ್ಕಾಗಿ. ಹೊಟ್ಟೆಯ ಬಯಾಪ್ಸಿ ಆ ಬಗೆಯದಲ್ಲ. ಹೊರಗಿನಿಂದ ಸೂಜಿ ಬರುವುದಿಲ್ಲ, ಯಾವ ಪದರವನ್ನೂ ತೂರಿ ಹೋಗುವುದಿಲ್ಲ. ಬಾಯಿಯ ಮೂಲಕ ಇಳಿದ ನಳಿಕೆ ಒಳಗಿನಿಂದಲೇ ಮೇಲ್ಪದರದ ಚೂರನ್ನು ಚಿವುಟಿ ತರುತ್ತದೆ.

ತುಂಡು ಎಂದರೆ ಎಷ್ಟು ತುಂಡು?

"ತುಂಡು" ಎಂಬ ಪದವೇ ಅರ್ಧ ಹೆದರಿಕೆಗೆ ಕಾರಣ ಇರಬೇಕು. ಕೇಳಿದವರಿಗೆ ಮಾಂಸದ ಹೋಳು ನೆನಪಾಗುತ್ತದೆ. ನಿಜದಲ್ಲಿ ಅದು 2ರಿಂದ 3 ಮಿಲಿಮೀಟರ್, ಒಂದು ಎಳ್ಳುಕಾಳಿನಷ್ಟು. ಎಂಡೋಸ್ಕೋಪ್ ಎಂದರೆ ಹೆಚ್ಚುಕಡಿಮೆ ಕಿರುಬೆರಳಿನ ದಪ್ಪದ, ತುದಿಯಲ್ಲಿ ಕ್ಯಾಮೆರಾ ಇರುವ ಬಾಗುವ ನಳಿಕೆ. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿ ಅದನ್ನು ಇಳಿಸುತ್ತಾರೆ. ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಐದು-ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನಳಿಕೆಯ ಒಳಗಿನ ಸಣ್ಣ ದಾರಿಯಲ್ಲಿ ಕಪ್ಪೆಯ ಬಾಯಿಯಂತೆ ತೆರೆದು ಮುಚ್ಚುವ ಪುಟ್ಟ ಚಿಮುಟವನ್ನು ತೂರಿಸಿ ಚೂರು ತೆಗೆಯುತ್ತಾರೆ. ಚಿವುಟಿದ್ದು ರೋಗಿಗೆ ಗೊತ್ತೇ ಆಗುವುದಿಲ್ಲ. ಹೊಟ್ಟೆಯ ಒಳಪದರಕ್ಕೆ ಉಬ್ಬಿದರೆ ನೋವಾಗುತ್ತದೆ, ಕತ್ತರಿಸಿದರೆ ಚರ್ಮದಂತೆ ನೋವಾಗುವುದಿಲ್ಲ.

ಗಾಯ? ಹೊಟ್ಟೆಯ ಒಳಪದರದ ಮೇಲ್ಮೈ ಕೋಶಗಳು ಹೇಗೂ ಕೆಲವೇ ದಿನಗಳಿಗೊಮ್ಮೆ ಉದುರಿ ಹೊಸದಾಗುತ್ತಿರುತ್ತವೆ. ಚಿವುಟಿದ ಜಾಗವೂ ಬೇಗ ಕೂಡಿಕೊಳ್ಳುತ್ತದೆ. ಹೆಚ್ಚು ರಕ್ತ ಬರುವುದು ಅಪರೂಪ, ತೂತಾಗುವುದು ತೀರ ಅಪರೂಪ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಹೃದಯದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿಕೊಂಡು ಹೋಗಬಾರದು. ಬಯಾಪ್ಸಿಗಿಂತ ಅದೇ ಹೆಚ್ಚು ಅಪಾಯ.

ಕ್ಯಾಮೆರಾದಲ್ಲೇ ಕಾಣುವಾಗ ತುಂಡು ಏಕೆ?

ಇದು ನ್ಯಾಯವಾದ ಪ್ರಶ್ನೆ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣುತ್ತದೆ, ಕೆಂಪು ಕಾಣುತ್ತದೆ, ಗಂಟು ಕಾಣುತ್ತದೆ. ಆದರೆ ಹುಣ್ಣು ಯಾವ ಜಾತಿಯದು ಎಂದು ಬರೀ ಕಣ್ಣಿನಿಂದ ಖಚಿತವಾಗಿ ಹೇಳಲು ಆಗುವುದಿಲ್ಲ. ಸಾಧಾರಣ ಅಲ್ಸರ್ ಮತ್ತು ಕ್ಯಾನ್ಸರ್ ಆಗಿರುವ ಅಲ್ಸರ್ ನೋಡಲು ಒಂದೇ ಥರ ಇರಬಹುದು. ಇನ್ನೂ ಮೋಸದ ವಿಷಯವೆಂದರೆ, ಆಮ್ಲ ಕಡಿಮೆ ಮಾಡುವ ಗುಳಿಗೆ ತಿಂದಾಗ ಕ್ಯಾನ್ಸರ್ ಇರುವ ಹುಣ್ಣಿನ ಮೇಲ್ಮೈ ಕೂಡ ಸ್ವಲ್ಪ ದಿನ ಮಾಯ್ದಂತೆ ಕಾಣಬಲ್ಲದು. ರೋಗಿಗೆ ಉರಿ ಕಡಿಮೆಯಾಗುತ್ತದೆ, "ಆರಾಮಾತು" ಎನ್ನುತ್ತಾರೆ. ಅದಕ್ಕೇ ಹೊಟ್ಟೆಯ ಹುಣ್ಣಿನ ಅಂಚಿನಿಂದ ಒಂದಲ್ಲ, ಐದಾರಕ್ಕೂ ಹೆಚ್ಚು ಚೂರು ತೆಗೆಯುವ ರೂಢಿ ಇದೆ. "ಆರು ತುಂಡು ತಗದಾರ, ಏನೋ ದೊಡ್ಡದೈತಿ" ಎಂದು ಗಾಬರಿಯಾಗಬೇಡಿ. ಹೆಚ್ಚು ಚೂರು ಎಂದರೆ ತಪ್ಪಿಹೋಗುವ ಸಾಧ್ಯತೆ ಕಡಿಮೆ, ಅಷ್ಟೇ.

ಒಳಪದರ ಕೆಂಪಾಗಿದೆಯೋ ಇಲ್ಲವೋ ಎಂಬುದನ್ನಂತೂ ನಂಬುವಂತೆಯೇ ಇಲ್ಲ. ನೋಡಲು ನುಣ್ಣಗಿರುವ ಹೊಟ್ಟೆಯ ಚೂರಿನಲ್ಲಿ ಸೂಕ್ಷ್ಮದರ್ಶಕದಡಿ ಗಟ್ಟಿ ಉರಿಯೂತ ಸಿಗುತ್ತದೆ. ಕೆಂಪಾಗಿ ಕಂಡಿದ್ದು ಒಮ್ಮೊಮ್ಮೆ ಏನೂ ಇರುವುದಿಲ್ಲ.

"ಹೊಟ್ಟಿ ಸ್ಕ್ಯಾನಿಂಗ್ ಮಾಡಿಸೇವಿ, ನಾರ್ಮಲ್ ಬಂದೈತಿ" ಎನ್ನುವವರೂ ಬಹಳ. ಅಲ್ಟ್ರಾಸೌಂಡ್ ಪಿತ್ತಕೋಶದ ಕಲ್ಲು, ಮೂತ್ರಪಿಂಡ, ಯಕೃತ್ತುಗಳಿಗೆ ಒಳ್ಳೆಯದು. ಹೊಟ್ಟೆಯ ಒಳಗೋಡೆಯ ಸಣ್ಣ ಹುಣ್ಣು ಅದರಲ್ಲಿ ಕಾಣುವುದಿಲ್ಲ. ಇನ್ನು ರಕ್ತ ಪರೀಕ್ಷೆಯೊಂದರಲ್ಲೇ ಕ್ಯಾನ್ಸರ್ ಗೊತ್ತಾಗುತ್ತದೆ ಎಂಬ ಇನ್ನೊಂದು ಫಾರ್ವರ್ಡ್ ಇದೆ. ಸಿಇಎ, ಸಿಎ 19-9 ಎಂಬ ರಕ್ತದ ಅಂಶಗಳು ಹೊಟ್ಟೆಯ ಕ್ಯಾನ್ಸರ್ ಇದ್ದರೂ ಸರಿಯಾಗಿಯೇ ಇರಬಹುದು, ಇಲ್ಲದಿದ್ದರೂ ಏರಬಹುದು. ಅವುಗಳ ಮೇಲೆ ರೋಗವನ್ನು ತೀರ್ಮಾನಿಸುವುದಿಲ್ಲ.

ಡಬ್ಬಿಗೆ ಬಿದ್ದ ಚೂರಿನ ಮುಂದಿನ ಪ್ರಯಾಣ

ಚಿಮುಟದಿಂದ ಬಿಡಿಸಿದ ಚೂರು ನೇರ ಒಂದು ಪುಟ್ಟ ಡಬ್ಬಿಗೆ ಬೀಳುತ್ತದೆ. ಅದರಲ್ಲಿರುವ ನೀರಿನಂಥ ದ್ರವ ನೀರಲ್ಲ, ಫಾರ್ಮಾಲಿನ್. ದೇಹದಿಂದ ಬೇರೆಯಾದ ಕ್ಷಣದಿಂದಲೇ ಅಂಗಾಂಶ ಕೆಡಲು ಶುರುವಾಗುತ್ತದೆ. ಹೊಟ್ಟೆಯ ಅಂಗಾಂಶವಂತೂ ತನ್ನದೇ ಜೀರ್ಣರಸದಿಂದ ತನ್ನನ್ನೇ ಕರಗಿಸಿಕೊಳ್ಳುತ್ತದೆ. ಫಾರ್ಮಾಲಿನ್ ಆ ಕೆಡುವಿಕೆಯನ್ನು ನಿಲ್ಲಿಸಿ, ಕೋಶಗಳನ್ನು ಇದ್ದ ಹಾಗೆಯೇ ಹಿಡಿದಿಡುತ್ತದೆ.

ಪ್ರಯೋಗಾಲಯದಲ್ಲಿ ಚೂರನ್ನು ಹಂತಹಂತವಾಗಿ ಆಲ್ಕೊಹಾಲ್‌ನಲ್ಲಿ ಅದ್ದಿ ನೀರಿನಂಶ ತೆಗೆಯುತ್ತಾರೆ, ಝೈಲೀನ್ ಎಂಬ ದ್ರಾವಣದಲ್ಲಿ ಇಡುತ್ತಾರೆ, ಕರಗಿದ ಮೇಣದಲ್ಲಿ ಮುಳುಗಿಸುತ್ತಾರೆ. ಮೇಣ ಗಟ್ಟಿಯಾದಾಗ ಚೂರು ಒಂದು ಸಣ್ಣ ಬಿಲ್ಲೆಯೊಳಗೆ ಕೂತಿರುತ್ತದೆ. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಈ ಪದ ನೆನಪಿಡಿ, ಮುಂದೆ ಬೇಕಾಗುತ್ತದೆ. ಬ್ಲಾಕನ್ನು ಮೈಕ್ರೊಟೋಮ್ ಎಂಬ ಯಂತ್ರದ ಹರಿತ ಅಲಗಿನಿಂದ 3ರಿಂದ 5 ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ಯುತ್ತಾರೆ. ನಮ್ಮ ತಲೆಗೂದಲೊಂದರ ದಪ್ಪದಲ್ಲಿ ಇಂಥ ಹತ್ತು-ಹದಿನೈದು ಪದರ ಕೂರಬಹುದು.

ಅಷ್ಟು ತೆಳ್ಳಗಿನ ಪದರಕ್ಕೆ ಬಣ್ಣವೇ ಇರುವುದಿಲ್ಲ. ನವಲಗುಂದದಲ್ಲಿ ಜಮಖಾನೆ ನೇಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬಣ್ಣ ಹಾಕದ ನೂಲಿನಲ್ಲಿ ನೇಯ್ದರೆ ನವಿಲು ಎಲ್ಲಿ, ಅಂಚು ಎಲ್ಲಿ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಎರಡು ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಕೋಶದ ನಡುಬೀಜವನ್ನು ನೇರಳೆ-ನೀಲಿ ಮಾಡುತ್ತದೆ, ಇಯೋಸಿನ್ ಉಳಿದ ಭಾಗವನ್ನು ಗುಲಾಬಿ ಮಾಡುತ್ತದೆ. ಮೊದಲನೆಯದು ಮಧ್ಯ ಅಮೆರಿಕದ ಕಡೆ ಬೆಳೆಯುವ ಒಂದು ಮರದ ತಿರುಳಿನಿಂದ ಬರುವ ಬಣ್ಣ. ನೂರು ವರ್ಷಕ್ಕೂ ಹಿಂದಿನ ಈ ಜೋಡಿ ಬಣ್ಣ ಇವತ್ತಿಗೂ ಜಗತ್ತಿನ ಎಲ್ಲ ಪೆಥಾಲಜಿ ಪ್ರಯೋಗಾಲಯಗಳ ದಿನನಿತ್ಯದ ಬಂಡವಾಳ. ಬ್ಯಾಕ್ಟೀರಿಯಾ ಹುಡುಕಬೇಕಾದರೆ ಜೀಮ್ಸಾದಂಥ ಬೇರೆ ಬಣ್ಣವನ್ನೂ ಹಾಕುವುದುಂಟು.

ಇಷ್ಟಾದ ಮೇಲೆ ಪೆಥಾಲಜಿಸ್ಟ್ ಎಂಬ ತಜ್ಞ ವೈದ್ಯರು ಸೂಕ್ಷ್ಮದರ್ಶಕದ ಮುಂದೆ ಕೂರುತ್ತಾರೆ. ರೋಗಿ ಅವರನ್ನು ನೋಡುವುದೇ ಇಲ್ಲ, ಅವರ ಹೆಸರೂ ಗೊತ್ತಿರುವುದಿಲ್ಲ. ಆದರೆ ಚಿಕಿತ್ಸೆ ಯಾವ ಕಡೆ ತಿರುಗಬೇಕು ಎಂಬುದು ಅವರು ಬರೆಯುವ ನಾಲ್ಕು ಸಾಲಿನ ಮೇಲೆ ನಿಂತಿದೆ. ಗ್ರಂಥಿಗಳು ಸಾಲಾಗಿ ಇವೆಯೇ, ಚೆದುರಿವೆಯೇ? ಉರಿಯೂತದ ಕೋಶಗಳು ಯಾವ ಬಗೆಯವು? ನಡುಬೀಜಗಳು ಒಂದೇ ಅಳತೆಯಲ್ಲಿವೆಯೇ? ಇದಕ್ಕೆಲ್ಲ ಹೊತ್ತು ಬೇಕು. ವರದಿ ಬರಲು ಸಾಮಾನ್ಯವಾಗಿ ಮೂರು ದಿನದಿಂದ ಒಂದು ವಾರ ಹಿಡಿಯುವುದು ಇದಕ್ಕೇ.

ಖಾರ ತಿಂದದ್ದಕ್ಕೆ ಅಲ್ಸರ್ ಆಯಿತೇ? ಉತ್ತರ ಸಿಕ್ಕಿದ್ದು ಇಂಥದೇ ಚೂರಿನಲ್ಲಿ

ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಸೀಮೆ ನಮ್ಮದು. ರೊಟ್ಟಿಯ ಜೊತೆ ಕೆಂಪು ಖಾರದ ಚಟ್ನಿ ಇಲ್ಲದ ಬುತ್ತಿ ಬುತ್ತಿಯೇ ಅಲ್ಲ. ಹೀಗಾಗಿ ಹೊಟ್ಟೆ ಉರಿ ಎಂದಾಕ್ಷಣ ಬರುವ ಮೊದಲ ಬೈಗುಳ "ಖಾರ ಭಾಳ ತಿಂತೀ" ಎಂದು. ವೈದ್ಯಲೋಕವೂ ಬಹುಕಾಲ ಹೀಗೇ ನಂಬಿತ್ತು: ಖಾರ, ಚಿಂತೆ, ಹೆಚ್ಚಾದ ಆಮ್ಲ, ಇವೇ ಅಲ್ಸರ್‌ಗೆ ಕಾರಣ ಎಂದು. ಆಮ್ಲ ತುಂಬಿದ ಹೊಟ್ಟೆಯಲ್ಲಿ ಯಾವ ಕ್ರಿಮಿಯೂ ಬದುಕಲಾರದು ಎಂಬುದು ಪಾಠಪುಸ್ತಕದ ಮಾತಾಗಿತ್ತು.

ಹಾಗೆ ನಂಬಲು ಒಂದು ಕಾರಣವಿತ್ತು. ಬದುಕಿರುವವರ ಹೊಟ್ಟೆಯ ಅಂಗಾಂಶ ಸುಲಭವಾಗಿ ಸಿಗುತ್ತಲೇ ಇರಲಿಲ್ಲ. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್‌ಮಾಲ್ ಎಂಬ ವೈದ್ಯರು ಹೊಟ್ಟೆಯೊಳಗೆ ಇಣುಕಲು ಕತ್ತಿ ನುಂಗುವ ಆಟಗಾರನೊಬ್ಬನನ್ನು ಕರೆಸಬೇಕಾಯಿತು. ನಳಿಕೆ ಬಾಗುತ್ತಿರಲಿಲ್ಲ, ಬೇರೆ ಯಾರಿಗೂ ಅದನ್ನು ನುಂಗಲು ಆಗುತ್ತಿರಲಿಲ್ಲ. ಶವಪರೀಕ್ಷೆಯಲ್ಲಿ ಸಿಕ್ಕ ಹೊಟ್ಟೆ ಅಷ್ಟರಲ್ಲಿ ತಾನೇ ಜೀರ್ಣವಾಗಿರುತ್ತಿತ್ತು. ಗಾಜಿನ ಎಳೆಗಳ ಬಾಗುವ ಎಂಡೋಸ್ಕೋಪನ್ನು ಬೇಸಿಲ್ ಹಿರ್ಷೋವಿಟ್ಜ್ ಅಮೆರಿಕದಲ್ಲಿ ರೋಗಿಯ ಮೇಲೆ ಬಳಸಿದ್ದು 1957ರಲ್ಲಿ. ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಶುರುವಾದದ್ದೂ ಅದೇ ವರ್ಷ. ಬರೀ ಕಾಕತಾಳೀಯ, ಆದರೆ ಈ ವಿದ್ಯೆ ಎಷ್ಟು ಇತ್ತೀಚಿನದು ಎಂದು ಅಂದಾಜು ಮಾಡಲು ನೆರವಾಗುತ್ತದೆ.

1979ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಪೆಥಾಲಜಿಸ್ಟ್ ರಾಬಿನ್ ವಾರೆನ್, ಎಂಡೋಸ್ಕೋಪಿಯಲ್ಲಿ ತೆಗೆದ ಚೂರೊಂದನ್ನು ನೋಡುತ್ತಿದ್ದಾಗ ಮೇಲ್ಮೈಯಲ್ಲಿ ಸಾಲುಗಟ್ಟಿದ ಬಾಗಿದ ಬ್ಯಾಕ್ಟೀರಿಯಾಗಳು ಕಂಡವು. ಸಹೋದ್ಯೋಗಿಗಳು ನಂಬಲಿಲ್ಲ. ಅವರು ಪಟ್ಟು ಬಿಡದೆ ಚೂರಾದ ಮೇಲೆ ಚೂರು ನೋಡುತ್ತ ಹೋದರು. ಎಲ್ಲಿ ಉರಿಯೂತವೋ ಅಲ್ಲಿ ಆ ಬ್ಯಾಕ್ಟೀರಿಯಾ. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯ ಜೊತೆಗೂಡಿದರು. ಬ್ಯಾಕ್ಟೀರಿಯಾವನ್ನು ಬೆಳೆಸುವ ಪ್ರಯತ್ನ ಮತ್ತೆ ಮತ್ತೆ ಸೋತಿತು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳನ್ನು ಯಾರೂ ಎಸೆಯದೆ ಐದು ದಿನ ಹಾಗೇ ಬಿಟ್ಟಾಗ ಅದು ಬೆಳೆದುಬಿಟ್ಟಿತ್ತು! ಅಲ್ಲಿಯವರೆಗೆ ಎರಡು ದಿನಕ್ಕೇ ಎಸೆಯುತ್ತಿದ್ದದ್ದೇ ತಪ್ಪಾಗಿತ್ತು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾದ ದ್ರಾವಣವನ್ನು ತಾವೇ ಕುಡಿದರು. ವಾರದಲ್ಲಿ ವಾಂತಿ. ಮತ್ತೆ ಎಂಡೋಸ್ಕೋಪಿ ಮಾಡಿಸಿ ತೆಗೆದ ಚೂರಿನಲ್ಲಿ ಉರಿಯೂತವೂ ಇತ್ತು, ಬ್ಯಾಕ್ಟೀರಿಯಾವೂ ಇತ್ತು. ಮೊದಲು ಆರೋಗ್ಯವಾಗಿದ್ದ ಹೊಟ್ಟೆ ಅದು. (ದಯವಿಟ್ಟು ಇದನ್ನು ಯಾರೂ ಅನುಕರಿಸಬೇಡಿ.)

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಆ ಬ್ಯಾಕ್ಟೀರಿಯಾವನ್ನು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ವಾರೆನ್ 2024ರಲ್ಲಿ ತೀರಿಕೊಂಡರು.

ಹಾಗಾದರೆ ಖಾರ? ಉರಿ ಹೆಚ್ಚಿಸಬಹುದು, ಇರುವ ಹುಣ್ಣಿಗೆ ಚುರುಗುಟ್ಟಬಹುದು. ಅಲ್ಸರ್‌ನ ಮೂಲ ಕಾರಣಗಳು ಎರಡು: ಒಂದು ಈ ಬ್ಯಾಕ್ಟೀರಿಯಾ, ಇನ್ನೊಂದು ನೋವಿನ ಗುಳಿಗೆಗಳು. ಎರಡನೆಯದರ ಬಗ್ಗೆ ಯಾರೂ ಫಾರ್ವರ್ಡ್ ಕಳಿಸುವುದಿಲ್ಲ, ನಮ್ಮ ಪ್ರಕಾರ ಕಳಿಸಬೇಕಾದದ್ದು ಅದನ್ನೇ. ಕಡಲೆ ಕೀಳುವ, ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಸೊಂಟನೋವಿಗೆಂದು ಡೈಕ್ಲೋಫೆನಾಕ್‌ನಂಥ ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ದಿನಾ ನುಂಗಿ ಹೊಲಕ್ಕೆ ಇಳಿಯುವವರ ಹೊಟ್ಟೆಯನ್ನು ಚಟ್ನಿಗಿಂತ ಹೆಚ್ಚು ಸುಡುವುದು ಆ ಗುಳಿಗೆ.

ವರದಿಯಲ್ಲಿರುವ ಇಂಗ್ಲಿಷ್ ಪದಗಳನ್ನು ಓದುವುದು ಹೇಗೆ?

ವರದಿ ಕೈಗೆ ಬಂದಾಗ ಫೋನಿನಲ್ಲಿ ಒಂದೊಂದೇ ಪದ ಹುಡುಕಿ ಹೆದರುವವರೇ ಹೆಚ್ಚು. ಸಾಮಾನ್ಯವಾಗಿ ಕಾಣುವ ಕೆಲವನ್ನು ಬಿಡಿಸಿ ಹೇಳುತ್ತೇವೆ.

"ಕ್ರಾನಿಕ್ ಗ್ಯಾಸ್ಟ್ರೈಟಿಸ್" ಎಂದರೆ ಬಹುದಿನದ ಉರಿಯೂತ. ಅತಿ ಹೆಚ್ಚು ಬರುವ ಪದ ಇದೇ. ಪಕ್ಕದಲ್ಲಿ "ಆಕ್ಟಿವ್" ಎಂದಿದ್ದರೆ ಈಗಲೂ ಚುರುಕಾಗಿದೆ ಎಂದರ್ಥ, ಆಗ ಪೈಲೋರಿ ಇರುವ ಸಾಧ್ಯತೆ ಹೆಚ್ಚು. ಪೈಲೋರಿ "ಪಾಸಿಟಿವ್" ಎಂದು ಬಂದರೆ ದಿಗಿಲು ಬೇಡ. ಜಗತ್ತಿನ ಸುಮಾರು ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಅದು ಇದೆ, ಅವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದಿಲ್ಲ. ಸಾಮಾನ್ಯವಾಗಿ 14 ದಿನದ ಗುಳಿಗೆಗಳ ಕೋರ್ಸ್ ಕೊಡುತ್ತಾರೆ. ನಾಲ್ಕನೇ ದಿನಕ್ಕೆ ಬಾಯಿ ಕಹಿ ಎಂದು ಬಿಟ್ಟರೆ ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಕೊಂಡು ಇನ್ನಷ್ಟು ಗಟ್ಟಿಯಾಗುತ್ತದೆ.

"ಅಟ್ರೋಫಿ" ಎಂದರೆ ಗ್ರಂಥಿಗಳು ಸವೆದಿವೆ. "ಇಂಟೆಸ್ಟೈನಲ್ ಮೆಟಾಪ್ಲೇಸಿಯಾ" ಎಂದರೆ ಹೊಟ್ಟೆಯ ಒಳಪದರ ಕೆಲವು ಕಡೆ ಕರುಳಿನ ಪದರದಂತೆ ವೇಷ ಬದಲಿಸಿದೆ. ಎರಡೂ ಕ್ಯಾನ್ಸರ್ ಅಲ್ಲ. ಆದರೆ ವರ್ಷಗಟ್ಟಲೆ ಉರಿಯೂತ ನಡೆದಿರುವುದಕ್ಕೆ ಗುರುತು, ಹೀಗಾಗಿ ಕೆಲವರಿಗೆ ಮುಂದೆಯೂ ಆಗಾಗ ಎಂಡೋಸ್ಕೋಪಿ ಬೇಕಾಗುತ್ತದೆ. "ಡಿಸ್‌ಪ್ಲೇಸಿಯಾ" ಇನ್ನೊಂದು ಹೆಜ್ಜೆ ಮುಂದೆ: ಕೋಶಗಳ ರೂಪ ಕೆಡಲು ಶುರುವಾಗಿದೆ. ಈ ಪದ ಇದ್ದರೆ ವರದಿಯನ್ನು ಕಪಾಟಿನಲ್ಲಿಡಬೇಡಿ, ಅದೇ ವಾರ ವೈದ್ಯರ ಬಳಿ ಹೋಗಿ. ಉರಿಯೂತ, ಸವೆತ, ವೇಷಬದಲಾವಣೆ, ರೂಪಗೇಡು, ಕೊನೆಗೆ ಕ್ಯಾನ್ಸರ್ ಎಂಬ ಈ ಮೆಟ್ಟಿಲುಗಳನ್ನು ಪೆಲಾಯೊ ಕೊರಿಯಾ ಎಂಬ ಕೊಲಂಬಿಯಾ ಮೂಲದ ಪೆಥಾಲಜಿಸ್ಟ್ ಗುರುತಿಸಿದ್ದೂ ಇಂಥ ಚೂರುಗಳನ್ನು ನೋಡಿಯೇ. ಹೆಚ್ಚಿನವರು ಮೊದಲ ಮೆಟ್ಟಿಲಲ್ಲೇ ಉಳಿಯುತ್ತಾರೆ.

"ಅಡಿನೊಕಾರ್ಸಿನೋಮಾ" ಎಂದರೆ ಕ್ಯಾನ್ಸರ್, ಸುತ್ತಿಬಳಸಿ ಹೇಳುವುದು ಬೇಡ. ಅದು ಒಳಪದರದ ಆಸುಪಾಸಿನಲ್ಲೇ ಇರುವಾಗ ಸಿಕ್ಕಿ ತೆಗೆದುಹಾಕಿದರೆ, ಐದು ವರ್ಷದ ನಂತರವೂ ಬದುಕಿರುವವರು ಜಪಾನಿನ ಅನುಭವದಲ್ಲಿ ಶೇ. 90ಕ್ಕಿಂತ ಹೆಚ್ಚು. ತಡವಾಗಿ ಸಿಕ್ಕರೆ ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ. "ಮಾಲ್ಟ್ ಲಿಂಫೋಮಾ" ಎಂಬ ಇನ್ನೊಂದು ಅಪರೂಪದ ಬಗೆ ಇದೆ. ಪೈಲೋರಿಯನ್ನು ಗುಳಿಗೆಯಿಂದ ನಿರ್ಮೂಲ ಮಾಡಿದರೆ ಎಷ್ಟೋ ಜನರಲ್ಲಿ ಅದು ತಾನೇ ಕರಗುತ್ತದೆ! ಕಣ್ಣಿಗೆ ಎರಡೂ ಗಂಟುಗಳೇ. ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಎರಡು ವಾರದ ಗುಳಿಗೆ ಸಾಲಬಹುದು. ವ್ಯತ್ಯಾಸ ಹೇಳುವುದು ಆ ಎಳ್ಳುಕಾಳು.

ವರದಿ ಯಾವತ್ತೂ ತಪ್ಪುವುದಿಲ್ಲವೇ? ತಪ್ಪಬಹುದು. ಕೆಲವು ಕ್ಯಾನ್ಸರ್‌ಗಳು ಮೇಲ್ಪದರದ ಅಡಿಯಲ್ಲಿ ಹರಿಯುತ್ತವೆ, ಮೇಲಿನ ಚಿವುಟು ಅಲ್ಲಿಗೆ ಮುಟ್ಟುವುದಿಲ್ಲ. ವೈದ್ಯರಿಗೆ ಅನುಮಾನ ಉಳಿದರೆ ಎರಡನೇ ಬಾರಿ ತುಂಡು ಕೇಳುತ್ತಾರೆ. "ದುಡ್ಡು ಹೊಡಿಯಾಕ ಮತ್ತ ಕರಿಯಾಕತ್ತಾರ" ಎಂದು ಕೊಳ್ಳುವ ಮೊದಲು ಕಾರಣ ಕೇಳಿ ತಿಳಿದುಕೊಳ್ಳಿ.

ಪರೀಕ್ಷೆಯನ್ನು ನಾವೇ ಕೆಡಿಸುವ ಬಗೆಗಳು

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಈಗ ಕಿರಾಣಿ ಸಾಮಾನಿನಂತಾಗಿವೆ. ಇವನ್ನು ನುಂಗುತ್ತಿರುವಾಗ ಪೈಲೋರಿ ಅಡಗಿ ಕೂರುತ್ತದೆ, ಚೂರಿನಲ್ಲಿ ಸಿಗದೇ ಹೋಗಬಹುದು. ಪೈಲೋರಿ ಪರೀಕ್ಷೆಗೆ ಸುಮಾರು 2 ವಾರ ಮೊದಲು ಈ ಗುಳಿಗೆ, 4 ವಾರ ಮೊದಲು ಆ್ಯಂಟಿಬಯಾಟಿಕ್ ನಿಲ್ಲಿಸಿರಬೇಕು ಎಂಬುದು ರೂಢಿ. ಇದನ್ನೂ ವೈದ್ಯರನ್ನು ಕೇಳಿಯೇ ಮಾಡಿ, ರಕ್ತ ಕಾರಿದವರಿಗೆ ನಿಲ್ಲಿಸುವಂತಿಲ್ಲ. ಏನೇನು ಗುಳಿಗೆ ತಿಂದಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಖಾಲಿ ಪಟ್ಟಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋದರೆ ಇನ್ನೂ ಒಳ್ಳೆಯದು.

ಗೋಧಿ ಒಗ್ಗದ ಸೀಲಿಯಾಕ್ ರೋಗಕ್ಕೆ ಹೊಟ್ಟೆ ದಾಟಿದ ಸಣ್ಣಕರುಳಿನ ಮೊದಲ ಭಾಗದಿಂದ ಚೂರು ತೆಗೆಯುತ್ತಾರೆ. ಯೂಟ್ಯೂಬ್ ನೋಡಿ ಮೊದಲೇ ಗೋಧಿ ಬಿಟ್ಟು ಹೋದರೆ ಕರುಳು ಸುಧಾರಿಸಿ ರೋಗ ಸಿಗದೇ ಹೋಗುತ್ತದೆ. ಪರೀಕ್ಷೆ ಮುಗಿಯುವವರೆಗೆ ಚಪಾತಿ ತಿನ್ನಬೇಕು. ರೋಗ ಇದೆ ಎಂದು ಬಂದ ಮೇಲೆ ನಮ್ಮ ಕಡೆಯವರಿಗೆ ಕಷ್ಟ ಕಡಿಮೆ, ಜೋಳದಲ್ಲಿ ಆ ಗ್ಲುಟನ್ ಇಲ್ಲ. ರೊಟ್ಟಿ ನಿಶ್ಚಿಂತೆಯಿಂದ ತಿನ್ನಬಹುದು. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕೂಡಲೇ ಬೀಸಿದ ಜೋಳ ಆಗಬಾರದು, ಅಷ್ಟೇ.

ಇನ್ನು ಡಬ್ಬಿಯ ವಿಷಯ. ಎಷ್ಟೋ ಕಡೆ ಚೂರಿರುವ ಡಬ್ಬಿಯನ್ನು ಜೊತೆಗೆ ಬಂದವರ ಕೈಗೇ ಕೊಟ್ಟು "ಲ್ಯಾಬ್‌ಗೆ ಮುಟ್ಟಿಸಿ" ಎನ್ನುತ್ತಾರೆ. ಡಬ್ಬಿಯ ಮೇಲೆ ರೋಗಿಯ ಹೆಸರು, ವಯಸ್ಸು, ಎಲ್ಲಿಂದ ತೆಗೆದದ್ದು ಎಂದು ಬರೆದಿದೆಯೇ ನೋಡಿ. ಚೀಟಿ ಬೇರೆ, ಡಬ್ಬಿ ಬೇರೆ ಆಗದಿರಲಿ. ಮುಚ್ಚಳ ತೆಗೆಯಬೇಡಿ, ಫಾರ್ಮಾಲಿನ್ ಕಣ್ಣು ಮೂಗಿಗೆ ಉರಿ, ಮಕ್ಕಳ ಕೈಗೆ ಸಿಕ್ಕರೆ ವಿಷ. ಚೂರು ಕಾಣುತ್ತಿಲ್ಲ ಎಂದು ದ್ರವ ಚೆಲ್ಲಿ ನೀರು ಹಾಕಿದರೆ ಒಳಗಿದ್ದದ್ದು ಕೊಳೆಯುತ್ತದೆ, ರೋಗಿ ಮತ್ತೆ ನಳಿಕೆ ನುಂಗಬೇಕಾಗುತ್ತದೆ. ಫ್ರೀಜರ್‌ನಲ್ಲಿ ಇಡುವುದೂ ಬೇಡ. ರಾತ್ರಿಯಾಯಿತು, ಲ್ಯಾಬ್ ಮುಚ್ಚಿದೆ ಎಂದರೆ ನೆರಳಲ್ಲಿ ಹಾಗೇ ಇಟ್ಟು ಮರುದಿನ ಬೆಳಿಗ್ಗೆ ಕೊಟ್ಟರೆ ಕೆಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನಡೆಯುವುದು ಇದು: ಎಂಡೋಸ್ಕೋಪಿ ಆಗುತ್ತದೆ, ಚೂರು ಹೋಗುತ್ತದೆ, ಕೊಟ್ಟ ಗುಳಿಗೆಗೆ ಉರಿ ತಗ್ಗುತ್ತದೆ, ವರದಿ ತರಲು ಯಾರೂ ಹೋಗುವುದಿಲ್ಲ. ಬಿತ್ತನೆ ಶುರುವಾಗಿರುತ್ತದೆ, ಮತ್ತೊಂದು ದಿನದ ಕೂಲಿ ಬಿಡಬೇಕು. ಹೊರಡುವ ಮೊದಲೇ ವರದಿ ಯಾವತ್ತು ಸಿಗುತ್ತದೆ, ಯಾರು ಕೊಡುತ್ತಾರೆ, ಫೋನಿಗೆ ಕಳಿಸುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳಿ.

ಯಾರು ತಡಮಾಡಬಾರದು? ಎಲ್ಲಿಗೆ ಹೋಗಬೇಕು?

ಎಲ್ಲ ಹೊಟ್ಟೆನೋವಿಗೂ ಎಂಡೋಸ್ಕೋಪಿ ಬೇಕಿಲ್ಲ. ಆದರೆ ಕಾರಣವಿಲ್ಲದೆ ತೂಕ ಇಳಿಯುವುದು, ರೊಟ್ಟಿ ಗಂಟಲಲ್ಲೋ ಎದೆಯಲ್ಲೋ ಸಿಕ್ಕಿದಂತಾಗುವುದು, ಪದೇ ಪದೇ ವಾಂತಿ, ವಾಂತಿಯಲ್ಲಿ ರಕ್ತ, ಡಾಂಬರಿನಂತೆ ಕಪ್ಪು ಮಲ, ರಕ್ತಹೀನತೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಇವುಗಳಲ್ಲಿ ಒಂದಿದ್ದರೂ ಕಾಯಬಾರದು. ಕಬ್ಬಿಣದ ಗುಳಿಗೆ ತಿಂದರೂ ಮಲ ಕಪ್ಪಾಗುತ್ತದೆ, ಅದನ್ನು ನೆನಪಿಡಿ. ವಯಸ್ಸು ಐವತ್ತರ ಆಸುಪಾಸಿನಲ್ಲಿ ಮೊದಲ ಬಾರಿಗೆ ಶುರುವಾಗಿ ನಿಲ್ಲದ "ಗ್ಯಾಸ್ಟ್ರಿಕ್" ಕೂಡ ಈ ಪಟ್ಟಿಗೆ ಸೇರುತ್ತದೆ. ಗುಟ್ಕಾ, ಬೀಡಿ, ಸಾರಾಯಿ ಇರುವವರು, ಮನೆಯಲ್ಲಿ ಹತ್ತಿರದವರಿಗೆ ಹೊಟ್ಟೆಯ ಕ್ಯಾನ್ಸರ್ ಆಗಿದ್ದವರು ಇನ್ನೂ ಬೇಗ ತೋರಿಸಿಕೊಳ್ಳಬೇಕು.

ಈ ನಾಲ್ಕೂ ತಾಲ್ಲೂಕು ಊರುಗಳಿಂದ ಹುಬ್ಬಳ್ಳಿ ಸುಮಾರು 40 ಕಿಲೋಮೀಟರ್ ಒಳಗೇ ಇದೆ. ಎಲ್ಲರೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಅಲ್ಲಿದೆ, ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದೆ, ಧಾರವಾಡದ ಹಾದಿಯ ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಇದೆ. ರಾತ್ರಿ ಊಟದ ನಂತರ ಏನೂ ತಿನ್ನದೆ ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಸರಿಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಅಂದಿನ ಗುಳಿಗೆ, ಇನ್ಸುಲಿನ್ ಬಗ್ಗೆ ಹಿಂದಿನ ದಿನವೇ ಕೇಳಿಕೊಳ್ಳಲಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಕ್ಯಾನ್ಸರ್ ಎಂದು ಬಂದು ಬೆಂಗಳೂರಿನ ಕಿದ್ವಾಯಿಗೋ ಬೇರೆ ಕಡೆಗೋ ಹೋಗಬೇಕಾದರೆ, ಬರೀ ವರದಿಯ ಹಾಳೆ ಸಾಲುವುದಿಲ್ಲ. ಮೊದಲು ಪರೀಕ್ಷೆ ಮಾಡಿದ ಲ್ಯಾಬ್‌ನಲ್ಲಿ ಅರ್ಜಿ ಕೊಟ್ಟು ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಪಡೆದುಕೊಳ್ಳಿ. ಆಗಲೇ ಹೇಳಿದ ಮೇಣದ ಬಿಲ್ಲೆ ಅದೇ. ಅಲ್ಲಿನ ಪೆಥಾಲಜಿಸ್ಟ್ ಅದನ್ನೇ ಮತ್ತೆ ಕೊಯ್ದು ನೋಡುತ್ತಾರೆ, ಯಾವ ಔಷಧ ಹತ್ತುತ್ತದೆ ಎಂದು ತಿಳಿಯುವ ಹರ್-2ನಂಥ ಪರೀಕ್ಷೆಗಳನ್ನೂ ಅದರ ಮೇಲೆಯೇ ಮಾಡಬಹುದು. ಬ್ಲಾಕ್ ಸಿಕ್ಕಿದರೆ ಬಹಳ ಸಲ ರೋಗಿ ಎರಡನೇ ಬಾರಿ ನಳಿಕೆ ನುಂಗುವುದು ತಪ್ಪುತ್ತದೆ. ಬಿಸಿಲಿಗೆ ಮೇಣ ಕರಗದಂತೆ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಳ್ಳಿ, ಬಸ್ಸಿನ ಎಂಜಿನ್ ಪಕ್ಕ ಇಡಬೇಡಿ.